ಸಡಿಲ ವೈಸ್, ಒಳಗಿನ ಕೈ

ಬೆಳಕು ಹರಿಯುವ ಮುಂಚೆ ಅವಳ ಕೈಯಿಂದ ಆಗಬೇಕಾದ ಕೆಲಸಗಳು ಇವು. ಹಿತ್ತಲ ನಲ್ಲಿ ನಿಲ್ಲುವುದರೊಳಗೆ ಹಂಡೆ, ಬಕೆಟ್ಟು, ಕೊಡ ಎಲ್ಲ ತುಂಬಿಸುವುದು. ಅತ್ತೆಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಕೆಳಗಿನ ಒದ್ದೆ ಬಟ್ಟೆ ಎಳೆದು, ಒಣಗಿದ್ದು ಹಾಸಿ, ಇನ್ನೊಂದು ಮಗ್ಗುಲಿಗೆ ಹೊರಳಿಸುವುದು. ಎಳೆದ ಬಟ್ಟೆಯನ್ನು ಒಗೆದು ಹಿಂಡುವುದು. ಅದು ದಪ್ಪ ಬಟ್ಟೆ, ಹಿಂಡಲು ಎದುರು ತುದಿ ಹಿಡಿಯುವವರಿಲ್ಲ, ಹಾಗಾಗಿ ಒಂದು ತುದಿಯನ್ನು ನಲ್ಲಿಗೆ ಸುತ್ತಿ ಇನ್ನೊಂದನ್ನು ತಿರುಚುತ್ತ ಬರುವುದು. ಹಾಲು ಒಲೆಗೆ ಇಡುವುದು, ಅದು ಉಕ್ಕುವುದರೊಳಗೆ ಹಿಟ್ಟು ನಾದುವುದು, ಉಕ್ಕಿದರೆ ಒಲೆ ಒರೆಸುವುದು. ಹಿಂದಿನ ದಿನ ತಳ ಹಿಡಿದ ಪಾತ್ರೆ ಕೆರೆಯುವುದು. ಗಂಡನ ಸ್ನಾನಕ್ಕೆ ನೀರು ಹೊತ್ತು ಇಡುವುದು. ಅಂಗಡಿಯ ಶಟರನ್ನು ಮೊಣಕಾಲೂರಿ ಮೇಲೆತ್ತುವುದು.

ಶಟರ್ ಎದ್ದ ಸದ್ದಿಗೆ ಗಂಡ ಏಳುತ್ತಿದ್ದ. ಕೆಲಸದ ದಿನ ಶುರುವಾಗುವುದು ಆಗ ಅಂತ ಆ ಮನೆಯ ನಂಬಿಕೆ.

ಮನೆ ಅಂದರೆ ಉದ್ದಕ್ಕೆ ಒಂದರ ಹಿಂದೊಂದು ಮೂರು ಕೋಣೆ. ಬೀದಿಗೆ ತೆರೆದದ್ದು ಅಂಗಡಿ, ಕೊನೆಯದು ಅಡುಗೆಮನೆ, ನಡುವಿನದರಲ್ಲಿ ಒಂದು ಬದಿಗೆ ಅತ್ತೆಯ ಮಂಚ, ಇನ್ನೊಂದು ಬದಿಗೆ ಕಿಟಕಿಯ ಕೆಳಗೆ ಮರದ ಬೆಂಚು. ಬೆಂಚಿನ ಮೇಲೆ ವೈಸ್, ಅಂದರೆ ಕೆಲಸದ ತುಂಡನ್ನು ಎರಡು ದವಡೆಗಳ ನಡುವೆ ಕಚ್ಚಿ ಹಿಡಿಯುವ ಕಬ್ಬಿಣದ ಸಾಧನ. ಅಂಗಡಿಗೂ ನಡುಕೋಣೆಗೂ ಮಧ್ಯೆ ಒಂದು ಪರದೆ. ಬೀಗ ರಿಪೇರಿ, ಕೀಲಿ ಮಾಡುವುದು ಅವರ ಕಸುಬು. ಗಂಡನನ್ನು ಬೀದಿಯೆಲ್ಲ ಬೀಗದಯ್ಯ ಅನ್ನುತ್ತಿತ್ತು. ಅವಳನ್ನು ಅತ್ತೆ ಒಬ್ಬರೇ ಅರದಮ್ಮ ಅನ್ನುತ್ತಿದ್ದರು. ಕೈಯಲ್ಲಿ ಸದಾ ಕಬ್ಬಿಣ ತಿಕ್ಕುವ ಅರ ಹಿಡಿದಿರುತ್ತಾಳೆ ಅಂತ ಒಂದು ಕಾರಣ, ನಾಲಿಗೆಯೂ ಅದೇ ಜಾತಿಯದು ಅಂತ ಇನ್ನೊಂದು.

ಮದುವೆಯಾಗಿ ಬಂದ ಹೊಸದರಲ್ಲಿ ಮಾವನ ಕಣ್ಣು ಮಂಜಾಗತೊಡಗಿತ್ತು. ದೀಪ ಹಿಡಿದುಕೊಂಡು ನಿಲ್ಲು ಬಾ ಅಂತ ಸೊಸೆಯನ್ನು ಕರೆದರು. ನಿಂತಳು. ಸ್ವಲ್ಪ ದಿನಕ್ಕೆ, ಇಲ್ಲಿ ಎಷ್ಟು ಉಳಿದಿದೆ ನೋಡು ಅಂದರು. ನೋಡಿದಳು. ಆಮೇಲೆ, ನೋಡೋದು ನೀನೇ ಆದರೆ ತಿಕ್ಕೋದೂ ನೀನೇ ತಿಕ್ಕು ಅಂತ ಅರವನ್ನು ಕೈಗೆ ಕೊಟ್ಟರು. ಮಗನಿಗೆ ಆ ಕೆಲಸಕ್ಕೆ ಬೇಕಾದ ತಾಳ್ಮೆ ಇರಲಿಲ್ಲ. ಅವನು ಮಾತಿನವನು. ಸಿಟ್ಟಿನಿಂದ ಬಂದ ಗಿರಾಕಿಯನ್ನು ನಗಿಸಿ ಸ್ಟೂಲಿನ ಮೇಲೆ ಕೂರಿಸುವುದರಲ್ಲಿ ಅವನಿಗೆ ಸಾಟಿಯಿಲ್ಲ. ಹಾಗಾಗಿ ಮಾವ ತೀರಿಕೊಂಡ ಮೇಲೆ ಕೆಲಸ ತಾನಾಗಿಯೇ ಹಂಚಿಹೋಯಿತು. ಅವನು ನಮೂನೆಯ ಕೀಲಿ ತಗೊಂಡು ಪರದೆಯೊಳಗೆ ಕೈ ಚಾಚುವುದು, ಅವಳು ಹಲ್ಲಿಲ್ಲದ ಹೊಸ ಕೀಲಿಯನ್ನು ವೈಸ್‌ನ ದವಡೆಗೆ ಸಿಕ್ಕಿಸಿ ಅದರಂತೆಯೇ ಹಲ್ಲು ಕಡಿಯುವುದು, ಅವನು ಅದನ್ನು ಈಸಿಕೊಂಡು ಹೋಗಿ, ಗಿರಾಕಿಯ ಮುಂದೆ ಒಮ್ಮೆ ಉಫ್ ಅಂತ ಊದಿ ಕೊಡುವುದು. ಊದುವುದು ಮಾತ್ರ ಅವನದು. ಗಿರಾಕಿಗಳು ಹೇಳುತ್ತಿದ್ದದ್ದು, "ಬೀಗದಯ್ಯನ ಕೈ ಅಂದ್ರೆ ಕೈ."

ಅವಳಿಗೆ ಅದರ ಬೇಜಾರು ಅಷ್ಟಾಗಿ ಇರಲಿಲ್ಲ. ಬೆಂಚಿನ ಮುಂದೆ ಕೂರುವುದೇ ಅವಳಿಗೆ ಬೇಕಾಗಿದ್ದದ್ದು. ಮಾಡಿಟ್ಟ ಊಟ ಮಧ್ಯಾಹ್ನಕ್ಕೆ ಖಾಲಿ, ಒಗೆದ ಬಟ್ಟೆ ಮರುದಿನಕ್ಕೆ ಕೊಳೆ, ಗುಡಿಸಿದ ನೆಲ ಸಂಜೆಗೆ ಕಸ. ಮನೆಯ ಕೆಲಸ ಅಂದರೆ ಸೋರುವ ಕೊಡಕ್ಕೆ ನೀರು ಹಾಕಿದ ಹಾಗೆ. ಒಂದು ಕೀಲಿ ಮಾತ್ರ, ಒಮ್ಮೆ ಮಾಡಿದರೆ ಮಾಡಿದಂತೆಯೇ ಉಳಿಯುತ್ತಿತ್ತು. ಎಷ್ಟೋ ಬಾಗಿಲುಗಳು ದಿನಾ ಬೆಳಿಗ್ಗೆ ತನ್ನಿಂದ ತೆರೆಯುತ್ತವೆ ಅಂತ ಹಿಟ್ಟು ನಾದುವಾಗ ನೆನೆಸಿಕೊಳ್ಳುವಳು.

ಹಾಗೆ ಮಾಡಿದ ಕೀಲಿಗಳೇ ಒಂದೊಂದಾಗಿ ವಾಪಸ್ ಬರತೊಡಗಿದವು.

ಹೆಚ್ಚು ಸಲ ಬಂದದ್ದು ಆಸ್ಪತ್ರೆಯ ಔಷಧಿ ಬೀರುವಿನ ಕೀಲಿ. ತಂದವಳು ಅಲ್ಲಿಯ ದಾದಿ. ಮೊದಲ ಸಲ ನಗುತ್ತಲೇ ಬಂದಳು.

"ಬೀಗದಯ್ಯ, ಈ ಕೀಲಿ ನಮ್ಮ ದೊಡ್ಡ ಡಾಕ್ಟರ ಹಾಗೆ. ಒಳಗೆ ಬರೋದು ಬರುತ್ತೆ, ಕೆಲಸ ಮಾಡಲ್ಲ."

"ಹೊಸ ಕೀಲಿ, ಹೊಸ ಅಳಿಯ, ಎರಡಕ್ಕೂ ಮೊದಮೊದಲು ಸ್ವಲ್ಪ ಬಿಗುಮಾನ ಇರುತ್ತಮ್ಮ," ಅಂತ ಅವನು ಒಳಗೆ ದಾಟಿಸಿದ. ಅವಳು ಒಂದೆರಡು ಎಳೆತ ತಿಕ್ಕಿ ಕೊಟ್ಟಳು. ಆ ದಾದಿ ಮತ್ತೆ ಬಂದಳು. ಇನ್ನೊಂದು ಹೊಸ ಕೀಲಿ ಮಾಡಿಕೊಟ್ಟರು. ಅದನ್ನೂ ಹಿಡಿದುಕೊಂಡು ಬಂದಾಗ ಅವಳ ಮುಖದಲ್ಲಿ ನಗು ಇರಲಿಲ್ಲ.

"ರೋಗಿ ಒದ್ದಾಡ್ತಿರ್ತಾನೆ, ನಾನು ಬೀರು ಮುಂದೆ ನಿಂತು ಕೀಲಿ ಜೊತೆ ಕುಸ್ತಿ ಆಡಬೇಕು. ನಿಮ್ಮ ಕೈ ಕೆಟ್ಟಿದೆಯಾ ಹೇಗೆ?"

ಪರದೆಯ ಆಚೆ ಗಂಡನ ದನಿ ಕೇಳಿಸಿತು. "ನನ್ನ ಕೈ ಅಲ್ಲಮ್ಮ ಅದು. ಒಳಗಿನ ಕೈ. ವಯಸ್ಸಾಯ್ತಲ್ಲ, ನಡುಗುತ್ತೆ."

ಬೆಂಚಿನ ಮುಂದೆ ಕೂತವಳ ಅರ ನಿಂತಿತು. ಇಷ್ಟು ವರ್ಷ ಸಾಲು ಸಾಲು ಒಳ್ಳೆಯ ಕೀಲಿಗಳು ಹೊರಗೆ ಹೋದವು, ಒಂದರ ಬಗ್ಗೆಯೂ ಅವನಿಗೆ ಒಳಗಿನ ಕೈ ನೆನಪಾಗಲಿಲ್ಲ. ಕೆಟ್ಟದ್ದು ಬಂದಾಗ ಮಾತ್ರ ಅದಕ್ಕೆ ತಾಯಿ ಸಿಕ್ಕಳು.

ದಾದಿ ಪರದೆ ಸರಿಸಿ ಇಣುಕಿದಳು. "ಅಯ್ಯೋ, ಇಷ್ಟು ದಿನ ನೀವೇನಾ ಮಾಡ್ತಿದ್ದದ್ದು?"

"ಹೂಂ. ಇನ್ನೊಂದು ಮಾಡ್ಕೊಡ್ತೀನಿ."

"ಈ ವಾರದೊಳಗೆ ಕೊಡಿ. ಇಲ್ಲಾಂದ್ರೆ ಬೀಗಾನೇ ಬದಲಾಯಿಸಿ ಅಂತ ನಮ್ಮವರು ಕೂತಿದ್ದಾರೆ."

ವಿಷಯ ಮೈದುನನ ಕಿವಿಗೆ ಮುಟ್ಟಲು ತಡವಾಗಲಿಲ್ಲ. ಅವನಿಗೆ ಬಸ್ ನಿಲ್ದಾಣದ ಹತ್ತಿರ ಅಂಗಡಿ, ಅಲ್ಲಿ ಕೀಲಿ ಕಡಿಯುವ ಮಷೀನು. ಈಗ ಹೊಸ ಮಷೀನು ತರುವವನಿದ್ದ. ಬಂದವನು ಅಣ್ಣನ ಎದುರು ಕೂತು, ಅತ್ತಿಗೆಗೆ ಕೇಳಲಿ ಅಂತಲೇ ದನಿ ಎತ್ತರಿಸಿ ಹೇಳಿದ.

"ಅತ್ತಿಗೆಗೆ ಇನ್ನು ರೆಸ್ಟ್ ಕೊಡೋಣ ಅಣ್ಣ. ಎಷ್ಟು ದಿನ ಅಂತ ತಿಕ್ತಾರೆ? ನನ್ನ ಹಳೇ ಮಷೀನ್ ಭಾನುವಾರ ತಂದು ಇಡ್ತೀನಿ. ಬಟನ್ ಒತ್ತಿದ್ರೆ ಆಯ್ತು, ನೀನೇ ಒತ್ತು. ಈ ಬೆಂಚು ತೆಗೆದ್ರೆ ಜಾಗಾನೂ ಆಗುತ್ತೆ. ವೈಸ್ ಗುಜರಿಗೆ ಹಾಕೋಣ, ಅದೇನು ಅಜ್ಜನ ಕಾಲದ್ದು."

"ರೆಸ್ಟ್ ಸಿಕ್ಕಿದ್ರೆ ನನ್ನ ಸೊಂಟಕ್ಕೆ ಎರಡು ಹೊತ್ತೂ ಎಣ್ಣೆ ತಿಕ್ಕಬಹುದು," ಅಂತ ಮಂಚದಿಂದ ಅತ್ತೆ.

"ಮಧ್ಯಾಹ್ನ ಬಿಸಿ ಅಡುಗೆಯೂ ಆಗುತ್ತೆ," ಅಂತ ಗಂಡ.

"ನಮ್ಮನೆಯವಳು ಹೊಲಿಗೆ ಕಲೀಬೇಕು ಅಂತಿದ್ದಾಳೆ. ಆ ಹೊತ್ತಿಗೆ ಮಕ್ಕಳನ್ನ ಇಲ್ಲೇ ಬಿಟ್ಟು ಹೋಗಬಹುದು."

ಇನ್ನೂ ಬಾರದ ಅವಳ ವಿಶ್ರಾಂತಿಯನ್ನು ಮೂವರೂ ಹೀಗೆ ಪಾಲು ಹಾಕಿಕೊಂಡು ಮುಗಿಸಿದರು. ಅವಳು ಟೀ ಲೋಟ ಎತ್ತುತ್ತ, "ವೈಸ್ ಸಡಿಲ ಆಗಿದೆ," ಅಂದಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಅಂದರು ಅತ್ತೆ.

ಎಲ್ಲರೂ ನಕ್ಕರು. ಅವಳಿಗೂ ನಗು ಬಂತು, ಮಾತು ಚೆನ್ನಾಗಿ ಕೂತಿತ್ತಲ್ಲ. ನಗು ಮುಗಿದ ಮೇಲೂ ಆ ಮಾತು ಮನಸ್ಸಿನಲ್ಲೇ ಉಳಿಯಿತು. ಯಾಕೆಂದರೆ ಡೊಂಕು ನೆಲದ್ದೋ ಕಾಲಿನದ್ದೋ ಅವಳಿಗೇ ಗೊತ್ತಿರಲಿಲ್ಲ. ಲೋಟ ತೊಳೆದಿಟ್ಟು ಬಲಗೈಯನ್ನು ಮುಂದೆ ಚಾಚಿ ನೋಡಿಕೊಂಡಳು. ಬೆರಳ ತುದಿ ಅದುರಿದ ಹಾಗೆ ಕಂಡಿತು. ಎಡಗೈ ಚಾಚಿದಳು, ಅದೂ ಅದುರಿತು. ನೋಡುತ್ತ ನಿಂತರೆ ಯಾರ ಕೈ ಅದುರುವುದಿಲ್ಲ? ತನ್ನ ಕೈಗೆ ತಾನೇ ಸಾಕ್ಷಿ ಹೇಳಲಾಗದು. ವೈಸ್ ಆದರೆ ಕಬ್ಬಿಣ, ಅದಕ್ಕೆ ನಾಚಿಕೆಯೂ ಇಲ್ಲ, ಹೆದರಿಕೆಯೂ ಇಲ್ಲ. ಅದನ್ನು ಕೇಳೋಣ ಅಂದುಕೊಂಡಳು.

ಮಾರನೆಯ ಮಧ್ಯಾಹ್ನ ಗಂಡ ಊಟ ಮಾಡಿ ಅಂಗಡಿಯ ಚಾಪೆಯ ಮೇಲೆ ಅಡ್ಡಾದ. ಅವಳು ಸ್ಪ್ಯಾನರ್ ತಗೊಂಡು ಬೆಂಚಿನ ಕೆಳಗೆ ತೂರಿದಳು. ವೈಸನ್ನು ಹಲಗೆಗೆ ಹಿಡಿದಿಟ್ಟ ಬೋಲ್ಟುಗಳಲ್ಲಿ ಒಂದು ಸ್ವಲ್ಪ ತಿರುಗಿತು, ಉಳಿದವು ಭದ್ರ. ಬಿಗಿ ಮಾಡಿ ಎದ್ದು, ದವಡೆಯನ್ನು ಎರಡೂ ಕೈಯಲ್ಲಿ ಹಿಡಿದು ಹಟಮಾರಿ ಮಗುವನ್ನು ಅಲುಗಿಸಿದ ಹಾಗೆ ಅಲುಗಿಸಿದಳು. ಕಟಕ್ ಅಂತ ಒಂದು ಸದ್ದು. ಬೋಲ್ಟಿನದಲ್ಲ.

"ಏನೇ ಅದು ಸದ್ದು, ಮಲಗೋಕೆ ಬಿಡಲ್ವಾ," ಅಂದರು ಅತ್ತೆ. "ಇಲಿ," ಅಂದಳು. "ಇಲಿ ಸ್ಪ್ಯಾನರ್ ಹಿಡಿಯುತ್ತಾ?" ಅಂದರು ಅತ್ತೆ. "ಈ ಮನೆ ಇಲಿಗೂ ಕೆಲಸ ತಪ್ಪಿದ್ದಲ್ಲ ಅತ್ತೆ." ಅತ್ತೆ ಆ ಕಡೆ ತಿರುಗಿಕೊಂಡರು.

ಸದ್ದು ಎಲ್ಲಿಯದು? ಮಾವ ಹೇಳಿಕೊಟ್ಟ ಒಂದು ಉಪಾಯವಿತ್ತು. ಎರಡು ತುಂಡು ಸೇರುವ ಜಾಗದಲ್ಲಿ, ಅರ್ಧ ಇದರ ಮೇಲೆ ಅರ್ಧ ಅದರ ಮೇಲೆ ಬರುವಂತೆ ಬೆರಳಿಡು, ಇನ್ನೊಂದು ಕೈಯಲ್ಲಿ ಅಲುಗಿಸು. ಜೊತೆಯಾಗಿ ಅಲುಗಿದರೆ ತೊಂದರೆಯಿಲ್ಲ, ಒಂದು ಇನ್ನೊಂದನ್ನು ಬಿಟ್ಟು ಅಲುಗಿದರೆ ಅಲ್ಲೇ ರೋಗ. ಕಣ್ಣು ಹೋದವರ ಉಪಾಯ ಅದು, ಕಣ್ಣಿದ್ದವರಿಗೂ ಆಗುತ್ತಿತ್ತು. ಅವಳು ವೈಸನ್ನು ಅತ್ತಿತ್ತ ತಿರುಗಿಸುವ ಬುಡದ ಬಿಲ್ಲೆಯ ಮೇಲೆ ಬೆರಳಿಟ್ಟಳು, ಅಲ್ಲಿ ಇಲ್ಲ. ದವಡೆಗೆ ಕೂರಿಸಿದ ಗೀರುಗೀರಿನ ತಗಡುಗಳ ಮೇಲೆ ಇಟ್ಟಳು, ಅವುಗಳ ಸ್ಕ್ರೂ ಬಿಗಿಯಾಗಿಯೇ ಇತ್ತು. ಅಷ್ಟರಲ್ಲಿ ಅತ್ತೆಗೆ ಬಾಯಾರಿತು. ನೀರು ಕುಡಿಸಿ ಬಂದು ಮತ್ತೆ ಬೆರಳಿಟ್ಟಳು.

ಗಂಡ ಎದ್ದು ಬಂದು ಪರದೆಯ ಹತ್ತಿರ ನಿಂತ. "ಅದು ಒಳಗಿನ ತಿರುಪೇ ಸವೆದದ್ದು. ನೋಡು, ಹಿಡಿಕೆ ಎಷ್ಟು ದೂರ ಸುಮ್ನೆ ತಿರುಗುತ್ತೆ ಹಿಡಿಯೋಕೆ ಮುಂಚೆ. ಇದಕ್ಕೆ ಮದ್ದಿಲ್ಲ. ನಾನು ಆವತ್ತೇ ಹೇಳಿದ್ದೆ, ಇನ್ನೂ ಬಿಗಿ ಮಾಡು ಅಂತ."

ಹಿಡಿಕೆ ಸುಮ್ಮನೆ ತಿರುಗುವುದು ನಿಜ. ಆದರೆ ಅದು ಬಿಚ್ಚುವ ದಿಕ್ಕಿನಿಂದ ಬಿಗಿಯುವ ದಿಕ್ಕಿಗೆ ತಿರುಗುವಾಗ ಮಾತ್ರ, ಅತ್ತೆ ಬೈಯುವ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಹಾಗೆ. ಒಮ್ಮೆ ಹಿಡಿದ ಮೇಲೆ ಅದರಲ್ಲಿ ಹುಸಿ ಇರಲಿಲ್ಲ. ಇನ್ನು ಬಿಗಿ ಮಾಡುವ ಮಾತು ಬೇಡ. ತಿಂಗಳುಗಟ್ಟಲೆ ಅವನ ಮಾತು ಕೇಳಿ, ಹಿಡಿಕೆಗೆ ಪೈಪು ತೊಡಿಸಿ, ಜೋತುಬಿದ್ದು ಬಿಗಿ ಮಾಡಿದ್ದಳು. ಬಿಗಿ ಮಾಡಿದಷ್ಟೂ ಕೀಲಿ ಕುಣಿಯುತ್ತಿತ್ತು, ಮಣಿಕಟ್ಟು ಮಾತ್ರ ನೋಯುತ್ತಿತ್ತು.

"ಒಂದು ಹಾಳೆ ಕೊಡಿ," ಅಂದಳು.

ಹಾಳೆಯಿಂದ ಎರಡು ಪಟ್ಟಿ ಹರಿದು, ಒಂದನ್ನು ದವಡೆಯ ಮೇಲಂಚಿಗೆ, ಇನ್ನೊಂದನ್ನು ಕೆಳಗೆ ಇಟ್ಟು ಮುಚ್ಚಿದಳು. ಕೆಳಗಿನದನ್ನು ಎಳೆದರೆ ಹರಿಯಿತು. ಮೇಲಿನದು ಬೆಣ್ಣೆಯಿಂದ ಕೂದಲು ಬಂದ ಹಾಗೆ ಬಂತು. ದವಡೆ ಕೆಳಗೆ ಕಚ್ಚುತ್ತಿದೆ, ಮೇಲೆ ಬಾಯಿ ತೆರೆದಿದೆ. ಕೀಲಿ ಕೂರುವುದು ಮೇಲೆ. ಅಂದರೆ ಹಿಡಿದಂತೆ ನಟಿಸುತ್ತಿದ್ದ ದವಡೆಯಲ್ಲಿ ಕೀಲಿ ಪ್ರತಿ ಎಳೆತಕ್ಕೂ ತಲೆ ಆಡಿಸುತ್ತಿತ್ತು.

ದವಡೆ ಹಿಂದಕ್ಕೆ ವಾಲಬೇಕಾದರೆ ಅದರ ಬಾಲಕ್ಕೆ ಜಾಗ ಸಿಗುತ್ತಿರಬೇಕು. ಬಾಲ ಅಂದರೆ ಮುಂದಿನ ದವಡೆಯಿಂದ ಹಿಂದಕ್ಕೆ ಚಾಚಿ ವೈಸ್‌ನ ಹೊಟ್ಟೆಯೊಳಗೆ ಜಾರುವ ಚೌಕದ ಕಂಬಿ. ಹಿಡಿಕೆಯನ್ನು ಪೂರ್ತಿ ತಿರುಗಿಸಿ, ದವಡೆಯನ್ನು ಎದೆಗೆ ಆನಿಸಿಕೊಂಡು ಬಾಲ ಸಮೇತ ಹೊರಗೆಳೆದು ಬೆಂಚಿನ ಮೇಲೆ ಮಲಗಿಸಿದಳು. ಹೊಟ್ಟೆಯೊಳಗೆ ಬೆರಳು ಹಾಕಿ ಸವರಿದಳು. ಮೂರು ಗೋಡೆಗಳಲ್ಲಿ ಉಜ್ಜಿ ಉಜ್ಜಿ ಬಂದ ಹೊಳಪು, ನುಣುಪು. ಕೆಳಗಿನ ಗೋಡೆಯಲ್ಲಿ ಮಾತ್ರ ಉದ್ದಕ್ಕೆ ಒಂದು ಅಗಲವಾದ ತಗ್ಗು. ಆ ತಗ್ಗಿನೊಳಗೆ ಎರಡು ಸ್ಕ್ರೂಗಳ ಮೂತಿ ಕೆಳಗಿನಿಂದ ತಲೆಯೆತ್ತಿ ನಿಂತಿತ್ತು, ಯಾವುದನ್ನೂ ಮುಟ್ಟದೆ. ಎರಡು ಸ್ಕ್ರೂ ಏನನ್ನೋ ಎತ್ತಿ ಹಿಡಿಯಲು ಇವೆ, ಎತ್ತಬೇಕಾದ್ದೇ ಇಲ್ಲ.

"ಇಲ್ಲೊಂದು ಪಟ್ಟಿ ಇರಬೇಕಿತ್ತು. ನೀವು ಯಾವಾಗಲಾದ್ರೂ ಇದನ್ನ ಬಿಚ್ಚಿದ್ರಾ?"

ಗಂಡ ಯೋಚಿಸಿದ. "ಅಮ್ಮ ಸೊಂಟ ಮುರ್ಕೊಂಡಾಗ ಬಿಚ್ಚಿದ್ದೆ. ನೀನು ಆಸ್ಪತ್ರೆಯಲ್ಲಿ ಅವಳ ಹತ್ರ ಇದ್ಯಲ್ಲ, ಆಗ. ಹಿಡಿಕೆ ಗಟ್ಟಿಯಾಗಿತ್ತು, ಕ್ಲೀನ್ ಮಾಡಿ ಗ್ರೀಸ್ ಹಾಕಿದೆ. ಎಷ್ಟು ಸಲೀಸಾಯ್ತು ಅಂತ ನೀನೇ ಹೊಗಳಿದ್ದೆ."

"ಬಿಚ್ಚಿದ್ದೆಲ್ಲ ವಾಪಸ್ ಹಾಕಿದ್ರಾ?"

"ಹಾಕಿದೆ. ಏನೋ ಒಂದು ಉಳೀತು. ಅದು ಇಲ್ಲದೆಯೂ ಎಲ್ಲ ಕೂತ್ಕೊಳ್ತು, ಸುಮ್ನಾದೆ. ಬೇಡದ್ದೇ ಇರಬೇಕು."

"ಉಳಿದದ್ದು ಎಲ್ಲಿ?"

"ಅದೆಲ್ಲ ಯಾರಿಗೆ ನೆನಪಿರುತ್ತೆ."

ಆ ದಿನಗಳು ಅವಳಿಗೆ ಚೆನ್ನಾಗಿ ನೆನಪಿದ್ದವು. ಮದುವೆಯಾದ ಮೇಲೆ ಗಂಡ ಒಬ್ಬನೇ ಮನೆ ನೋಡಿಕೊಂಡದ್ದು ಅದೊಂದೇ ಸಲ. ನೆಂಟರೆಲ್ಲ ಆಸ್ಪತ್ರೆಗೆ ಬಂದು, "ಪಾಪ, ಅವನೇ ಅಡುಗೆ ಮಾಡ್ಕೊಳ್ತಿದ್ದಾನೆ, ಎಂಥ ಬಂಗಾರದಂಥ ಗಂಡ," ಅಂತ ಅತ್ತೆಯ ಪಾಯಿಖಾನೆ ಬಳಿಯುತ್ತಿದ್ದ ಅವಳಿಗೆ ಹೇಳಿ ಹೋಗಿದ್ದರು.

ಪಟ್ಟಿಗಾಗಿ ಗುಜರಿ ಡಬ್ಬ ತಿರುವಿಹಾಕಿದಳು. ಮೊಳೆಯ ಡಬ್ಬ, ಮುರಿದ ಬೀಗಗಳ ಬುಟ್ಟಿ, ಬೆಂಚಿನ ಹಿಂದಿನ ಸಂದು, ಎಲ್ಲೂ ಇಲ್ಲ. ಸಂಜೆಯಾಯಿತು. ಹಾಲಿನ ಪಾತ್ರೆ ತಳ ಹಿಡಿದಿತ್ತು. ಅದನ್ನು ತೊಟ್ಟಿಯಲ್ಲಿ ಓರೆ ಮಾಡಿ, ಸೌಟಿನ ಗೂಡಿನಿಂದ ಕೆರೆಯುವ ಪಟ್ಟಿ ತೆಗೆದು, ಎಂದಿನಂತೆ ಹೆಬ್ಬೆರಳನ್ನು ಅದರ ಗುಳಿಯಲ್ಲಿ ಊರಿ ಕೆರೆಯಲು ಶುರುಮಾಡಿದಳು.

ಹೆಬ್ಬೆರಳು ಅಲ್ಲೇ ನಿಂತಿತು.

ಆಸ್ಪತ್ರೆಯಿಂದ ಬಂದ ದಿನ ಈ ಪಟ್ಟಿ ಗೂಡಿನಲ್ಲಿ ಕಂಡಿತ್ತು. ಇದೇನು ಅಂತ ಕೇಳಿದಾಗ ಗಂಡ ಹೆಮ್ಮೆಯಿಂದ, "ಪಾತ್ರೆ ಕೆರೆಯೋಕೆ ಹುಡುಕಿದೆ, ಎಂಥ ಸೀದದ್ದಾದ್ರೂ ಎದ್ದು ಬರುತ್ತೆ," ಅಂದಿದ್ದ. ಗಟ್ಟಿ ಉಕ್ಕು, ನೇರ ಅಂಚು, ಒಂದು ಬದಿಯಲ್ಲಿ ಎರಡು ಪುಟ್ಟ ಗುಳಿ. ಹೆಬ್ಬೆರಳು ಕೂರಲಿ ಅಂತಲೇ ಯಾರೋ ಮಾಡಿದ್ದಾರೆ ಅಂದುಕೊಂಡು ಅವಳೂ ಮೆಚ್ಚಿದ್ದಳು. ಗಂಡ ಅಡುಗೆಮನೆಗೆ ಕೊಟ್ಟ ಒಂದೇ ಒಂದು ಕಾಣಿಕೆ ಅಂತ ನೆರೆಯವಳ ಹತ್ತಿರ ತಮಾಷೆಯನ್ನೂ ಮಾಡಿದ್ದಳು. ಅಂದಿನಿಂದ ದಿನಾ ಬೆಳಿಗ್ಗೆ ವೈಸ್‌ನ ಎಲುಬಿನಿಂದ ಪಾತ್ರೆ ಕೆರೆದು, ಆಮೇಲೆ ಹೋಗಿ ಎಲುಬಿಲ್ಲದ ವೈಸ್ ಮುಂದೆ ಕೂತು, ತನ್ನ ಕೈಗೆ ಏನಾಯಿತು ಅಂತ ಕೊರಗಿದ್ದಳು.

ಸಿಟ್ಟು ಬರಬೇಕಿತ್ತು. ಬಂದದ್ದು ನಗು. ತೊಟ್ಟಿಯ ಅಂಚು ಹಿಡಿದುಕೊಂಡು ಸದ್ದಿಲ್ಲದೆ ಮೈ ಕುಲುಕುವಷ್ಟು ನಕ್ಕಳು. ಗಂಡನನ್ನು ಕರೆದು ಪಟ್ಟಿಯನ್ನು ಅವನ ಅಂಗೈ ಮೇಲಿಟ್ಟಳು.

"ಇದೇ ಅಲ್ವಾ ಉಳಿದದ್ದು?"

ಅವನು ತಿರುಗಿಸಿ ಮುರುಗಿಸಿ ನೋಡಿದ. ಮುಖ ನಿಧಾನವಾಗಿ ಬಣ್ಣ ಬದಲಾಯಿಸಿತು. "ಅಲ್ಲಾ... ಸೀದು ಹೋಗಿತ್ತು ಕಣೇ, ಏನು ಮಾಡ್ಬೇಕು ತಿಳೀಲಿಲ್ಲ. ಕೈಗೆ ಸಿಕ್ಕಿದ್ದು ತಗೊಂಡೆ."

"ಏನಂತೆ?" ಅಂದರು ಅತ್ತೆ ಮಂಚದಿಂದ.

"ನೆಲ ಡೊಂಕಂತೆ ಅತ್ತೆ. ನಿಮ್ಮ ಮಗ ಒಂದು ಹಲಗೆ ಕಿತ್ತು ಪಾತ್ರೆ ತಿಕ್ಕೋಕೆ ಇಟ್ಕೊಂಡಿದ್ರಂತೆ."

ಅತ್ತೆ ಅಂದು ರಾತ್ರಿ ಊಟದವರೆಗೆ ಯಾವ ಗಾದೆಯನ್ನೂ ಹೇಳಲಿಲ್ಲ.

ಕೆರೆದು ಕೆರೆದು ಪಟ್ಟಿಯ ಒಂದು ಮೂಲೆ ಸವೆದು ಉರುಟಾಗಿತ್ತು, ನಡುವೆ ಸ್ವಲ್ಪ ಬಾಗಿತ್ತು. ಮಾರನೆಯ ದಿನ ಊಟದ ಪಾತ್ರೆ ತೊಳೆದಾದ ಮೇಲೆ ಕೂತು, ಮರದ ತುಂಡಿನ ಮೇಲಿಟ್ಟು ಹಗುರಾಗಿ ತಟ್ಟಿ ನೇರ ಮಾಡಿದಳು. ಎದ್ದು ನಿಂತ ಲೋಹದ ಮುಳ್ಳುಗಳನ್ನು ಅರದಿಂದ ಸವರಿದಳು. ಗುಳಿಗಳು ಸ್ಕ್ರೂ ಮೂತಿಗೆ ಬರುವಂತೆ ತಗ್ಗಿನಲ್ಲಿ ಕೂರಿಸಿ, ಎಣ್ಣೆ ಸವರಿ, ಬಾಲವನ್ನು ಒಳಗೆ ಬಿಟ್ಟಳು. ಕೆಳಗಿನಿಂದ ಸ್ಕ್ರೂಗಳನ್ನು ಒಂದಿಷ್ಟು ಇದು, ಒಂದಿಷ್ಟು ಅದು ಅಂತ ತಿರುಗಿಸುತ್ತ ಬಂದಳು. ತುಂಬ ಎತ್ತಿದರೆ ಬಾಲ ಜಾರುವುದಿಲ್ಲ, ಕಡಿಮೆಯಾದರೆ ಆಡುತ್ತದೆ. ಕೈಗೆ ತಡೆ ತಿಳಿಯಬೇಕು, ಆದರೆ ತಡೆಯಬಾರದು. ಆ ಜಾಗ ಸಿಕ್ಕಿದಾಗ ಸ್ಕ್ರೂ ಕದಲದಂತೆ ಲಾಕ್ ನಟ್ ಬಿಗಿದಳು. ಮತ್ತೆ ಹಾಳೆಯ ಎರಡು ಪಟ್ಟಿ ಇಟ್ಟು ಮುಚ್ಚಿ ಎಳೆದಳು. ಎರಡೂ ಹರಿದವು. ಪೈಪು ಬೇಕಾಗಲಿಲ್ಲ, ಎರಡು ಬೆರಳಿನ ಬಲ ಸಾಕಾಯಿತು.

ದಾದಿಯ ಕೀಲಿಯನ್ನು ಅಂದು ಸಂಜೆಯೇ ಮಾಡಿದಳು. ಗಂಡ ತಾನೇ ಆಸ್ಪತ್ರೆಗೆ ಹೋಗಿ, ಬೀರುವಿಗೆ ಹಾಕಿ, ತಿರುಗಿಸಿ ನೋಡಿ ಬಂದ. "ನೀರಲ್ಲಿ ಮೀನು ತಿರುಗಿದ ಹಾಗೆ ತಿರುಗಿತು," ಅಂದ. ಭಾನುವಾರ ಮೈದುನ ಮಷೀನು ತರಲೋ ಅಂತ ಫೋನ್ ಮಾಡಿದಾಗ, "ಸದ್ಯಕ್ಕೆ ಬೇಡ ಬಿಡೋ. ವೈಸ್ ಸಡಿಲ ಆಗಿತ್ತು ಅಷ್ಟೇ. ಬಿಚ್ಚಿ ಸರಿ ಮಾಡಿದ್ವಿ," ಅಂದ. ಮಾಡಿದ್ವಿ ಅಂದದ್ದನ್ನು ಅವಳು ಅಡುಗೆಮನೆಯಿಂದ ಕೇಳಿಸಿಕೊಂಡಳು. ಒಬ್ಬರು ಬಿಚ್ಚಿದ್ದು, ಒಬ್ಬರು ಸರಿ ಮಾಡಿದ್ದು, ಲೆಕ್ಕ ಹಾಕಿದರೆ ಮಾತು ಸುಳ್ಳೇನಲ್ಲ.

ಕಥೆ ಅಲ್ಲಿಗೆ ಮುಗಿಯಬಹುದಿತ್ತು. ಮನೆಯವರೆಲ್ಲರ ಪಾಲಿಗೆ ಮುಗಿದಿತ್ತು ಕೂಡ.

ಆದರೆ ಸೋಮವಾರ ಬೆಳಿಗ್ಗೆ, ಎಲ್ಲ ಕೆಲಸ ಮುಗಿಸಿ ಶಟರ್ ಎತ್ತಿ ಬೆಂಚಿಗೆ ಬಂದವಳು ಒಂದು ಗೋದಾಮಿನ ಕೀಲಿ ಮಾಡಿದಳು. ನಮೂನೆಯ ಪಕ್ಕ ಇಟ್ಟು ಕಿಟಕಿಗೆ ಹಿಡಿದು ನೋಡಿದಳು. ಕೊನೆಯ ಹಲ್ಲು ಒಂದು ಕೂದಲಿನಷ್ಟು ಓರೆ. ಬೀಗ ತೆರೆಯುತ್ತದೆ, ಸಂಶಯವಿಲ್ಲ. ಮೊದಲಿನ ಹಾಗೆ ವಾಪಸ್ ಬರುವಂಥದ್ದಲ್ಲ. ಯಾರ ಕಣ್ಣಿಗೂ ಬೀಳುವಂಥದ್ದೂ ಅಲ್ಲ. ಅವಳ ಕಣ್ಣಿಗೆ ಬಿತ್ತು. ದವಡೆಯ ಮೇಲೆ ಬೆರಳಿಟ್ಟು ಅಲುಗಿಸಿದಳು. ಕಲ್ಲಿನ ಹಾಗಿತ್ತು. ಹಾಳೆ ಇಟ್ಟು ಎಳೆದಳು. ಹರಿಯಿತು.

ಮಧ್ಯಾಹ್ನ, ಊಟವಾಗಿ ಒಂದಷ್ಟು ಹೊತ್ತು ಕೂತೆದ್ದ ಮೇಲೆ, ಅದೇ ನಮೂನೆಗೆ ಇನ್ನೊಂದು ಮಾಡಿದಳು. ಅದು ನೇರವಾಗಿತ್ತು. ಮಂಗಳವಾರವೂ ಬೆಳಿಗ್ಗೆಯದು ಓರೆ, ಮಧ್ಯಾಹ್ನದ್ದು ನೇರ. ಬುಧವಾರ ನಲ್ಲಿಯಲ್ಲಿ ನೀರೇ ಬರಲಿಲ್ಲ. ಹೊರುವ ಕೆಲಸವಿಲ್ಲ, ಹಿಂಡುವ ಕೆಲಸವಿಲ್ಲ. ಅಂದು ಬೆಳಿಗ್ಗೆ ಮಾಡಿದ್ದೂ ನೇರವಾಗಿ ಬಂತು.

ಮಾವ ಹೇಳಿಕೊಟ್ಟ ಉಪಾಯ ಕಬ್ಬಿಣಕ್ಕೆ ಮಾತ್ರ ಅಲ್ಲ ಅಂತ ಆಗ ಹೊಳೆಯಿತು. ಒಂದನ್ನು ಇನ್ನೊಂದರಿಂದ ಬಿಡಿಸಿ ನೋಡಬೇಕು. ವೈಸ್ ಸಡಿಲವಾಗಿದ್ದು ನಿಜ. ಕೈ ಸೋಲುತ್ತಿದ್ದದ್ದೂ ನಿಜ. ಒಂದರ ಬೆನ್ನ ಹಿಂದೆ ಇನ್ನೊಂದು ಅಡಗಿತ್ತು. ನೆಲವೂ ಡೊಂಕಿತ್ತು, ಕುಣಿಯುವವಳ ಕಾಲೂ ಬರುವಾಗಲೇ ದಣಿದಿತ್ತು. ಆದರೆ ಆ ದಣಿವು ವಯಸ್ಸಿನದಲ್ಲ. ನಲ್ಲಿಗೆ ಸುತ್ತಿ ತಿರುಚಿದ ಬಟ್ಟೆಯದು, ನಾದಿದ ಹಿಟ್ಟಿನದು, ಹೊತ್ತ ನೀರಿನದು. ರಾತ್ರಿ ನಿದ್ದೆ ಕೊಟ್ಟ ಹೊಸ ಕೈಯನ್ನು ಮನೆ ಬೆಳಿಗ್ಗೆಯೇ ಬಳಸಿ ಮುಗಿಸುತ್ತಿತ್ತು. ಬೆಂಚಿಗೆ ಬರುತ್ತಿದ್ದದ್ದು ಮಿಕ್ಕ ಕೈ. ವಯಸ್ಸು ಕಡಿಮೆಯಿದ್ದಾಗ ಮಿಕ್ಕದ್ದೂ ಸಾಕಾಗುವಷ್ಟು ಇತ್ತು, ಅಷ್ಟೇ.

ಇದನ್ನು ಯಾರಿಗೆ ಹೇಳುವುದು? ಗಂಡನಿಗೆ ಹೇಳಿದರೆ, "ನಾನು ಮೊದಲೇ ಹೇಳಿದ್ನಲ್ಲ, ಕೈ ನಡುಗುತ್ತೆ ಅಂತ," ಅಂದಾನು. ಮೈದುನ ಮಷೀನನ್ನು ಆಟೋಗೆ ಹತ್ತಿಸಿಯಾನು. ಅತ್ತೆ ಎಣ್ಣೆಯ ಸೀಸೆ ಹುಡುಕಿಯಾರು. ಹೇಳದೆ ಇದ್ದರೆ ಯಾರಿಗೂ ತಿಳಿಯುವುದಿಲ್ಲ. ಎಲ್ಲ ತಪ್ಪನ್ನೂ ವೈಸ್ ಹೊತ್ತುಕೊಂಡಾಗಿತ್ತು. ಕೂದಲಿನಷ್ಟು ಓರೆಯಾದ ಕೀಲಿಗಳು ಇನ್ನೂ ಕೆಲವು ವರ್ಷ ಬಾಗಿಲು ತೆರೆಯುತ್ತವೆ. ಒಂದು ದಿನ ಆ ಕೂದಲು ಹಗ್ಗವಾಗುತ್ತದೆ. ಆಗ ಬಿಚ್ಚಿ ತೋರಿಸಲು ವೈಸ್ ಇರುವುದಿಲ್ಲ, ಅವಳ ಕೈಯೇ ಇರುತ್ತದೆ.

ಗುರುವಾರ ಎದ್ದಾಗ ಇನ್ನೂ ಮಬ್ಬು. ನಲ್ಲಿಯಲ್ಲಿ ನೀರು ಬರುತ್ತಿತ್ತು. ಅತ್ತೆಯನ್ನು ಮಗ್ಗುಲಿಗೆ ಹೊರಳಿಸಿ ಒದ್ದೆ ಬಟ್ಟೆ ತೆಗೆದು ಒಣಗಿದ್ದು ಹಾಸಿದಳು. ಮುದುಕಿಯನ್ನು ಒದ್ದೆಯಲ್ಲಿ ಬಿಡುವುದು ಅವಳಿಂದಾಗದು. ಬಟ್ಟೆಯನ್ನು ನಲ್ಲಿಯ ಕೆಳಗಿನ ಬಕೆಟ್ಟಿನಲ್ಲಿ ನೆನೆಹಾಕಿದಳು. ಹಿಂಡಲು ಬಗ್ಗಿದವಳು, ಬಟ್ಟೆಯ ತುದಿ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಹಾಗೇ ಇದ್ದಳು. ಒಳಗೆ ಗಂಡನ ಗೊರಕೆ ಕೇಳುತ್ತಿತ್ತು. ಅವನ ಎರಡೂ ಕೈ ಎದೆಯ ಮೇಲೆ ರಾತ್ರಿಯಿಡೀ ವಿಶ್ರಾಂತಿಯಲ್ಲಿದ್ದವು. ಅವನನ್ನು ಎಬ್ಬಿಸಬಹುದಿತ್ತು. ಎಬ್ಬಿಸಿದರೆ ಯಾಕೆ ಅಂತ ಕೇಳುತ್ತಾನೆ, ಯಾಕೆ ಅಂತ ಹೇಳುತ್ತ ಕೂತರೆ ಬೆಳಕಾಗುತ್ತದೆ, ಅಷ್ಟು ಹೇಳುವುದಕ್ಕಿಂತ ತಾನೇ ಹಿಂಡುವುದು ಸುಲಭ ಅನ್ನಿಸುತ್ತದೆ. ಇಷ್ಟು ವರ್ಷ ಹಾಗೆಯೇ ಆಗಿತ್ತು.

ಅವಳು ಬಟ್ಟೆಯನ್ನು ನೀರಿಗೆ ಬಿಟ್ಟಳು. ಹಂಡೆ ತುಂಬಿರಲಿಲ್ಲ. ಹಿಟ್ಟು ಡಬ್ಬದಲ್ಲೇ ಇತ್ತು. ಶಟರ್ ಕೆಳಗೇ ಇತ್ತು. ಕೈಯನ್ನು ಸೆರಗಿಗೆ ಒರೆಸಿಕೊಂಡು ನಡುಕೋಣೆಗೆ ಬಂದು, ಬೆಂಚಿನ ಮೇಲಿನ ದೀಪ ಹಾಕಿದಳು.

"ಯಾಕೇ, ನೀರು ನಿಂತುಹೋಗುತ್ತೆ," ಅಂದರು ಅತ್ತೆ.

"ನಿಲ್ಲಲಿ ಅತ್ತೆ. ಬೇಕಾದವರು ಎದ್ದು ಹಿಡ್ಕೊಳ್ತಾರೆ."

ಗೋದಾಮಿನವರು ಕೇಳಿದ್ದ ಇನ್ನೊಂದು ಹೊಸ ಕೀಲಿಯನ್ನು ದವಡೆಗೆ ಸಿಕ್ಕಿಸಿ, ಎರಡು ಬೆರಳಿನಿಂದ ಬಿಗಿ ಮಾಡಿ, ಅರವನ್ನು ಅದರ ಮೇಲಿಟ್ಟು ಮುಂದಕ್ಕೆ ತಳ್ಳಿದಳು. ಹಿತ್ತಲಲ್ಲಿ ಬಕೆಟ್ಟು ತುಂಬಿ ನೀರು ಚೆಲ್ಲತೊಡಗಿದ ಸದ್ದು ಕೇಳಿತು. ಅವಳು ಏಳಲಿಲ್ಲ.